ರಬ್ಬರ್ ಚೆಂಡು ಕೊಟ್ಟವರು

ನವಿ ಮುಂಬಯಿಯ ಆ ಸಂಶೋಧನಾ ಲ್ಯಾಬಿನಲ್ಲಿ ಮಕ್ಕಳನ್ನು ಮಿದುಳಿನ ಸ್ಕ್ಯಾನಿಗೆ ಅಣಿಮಾಡುತ್ತಿದ್ದ ಹೆಂಗಸಿಗೆ ಕುರ್ಚಿಯೆಂದರೆ ಆಗದು. ಯಾವ ಮಗು ಬಂದರೂ ಸೆರಗು ಸಿಕ್ಕಿಸಿ ನೆಲಕ್ಕೇ ಕೂರುತ್ತಿದ್ದರು. ಮಗುವಿನ ಅಂಗೈಯಲ್ಲಿ ರಬ್ಬರ್ ಚೆಂಡನ್ನಿಟ್ಟು, "ಒಳಗೆ ಸಾಕು ಅನಿಸಿದ್ರೆ ಇದನ್ನು ಹಿಚುಕು. ಬೇಡಾಂದ್ರೆ ಬೇಡ," ಎನ್ನುತ್ತಿದ್ದರು. ನಮ್ಮ ಉಡುಪಿ ಕಡೆಯವರೇ.

ಮಕ್ಕಳ ಓದಿನ ಕುರಿತ ಅಧ್ಯಯನವೊಂದಕ್ಕೆ ನಾವಾಗಿಯೇ ಹೆಸರು ಕೊಟ್ಟಿದ್ದೆವು. ಕನ್ನಡ ತಿಳಿದರೂ ಹಿಂದಿಯಲ್ಲೇ ಉತ್ತರಿಸುವ ನನ್ನ ಎಂಟು ವರ್ಷದ ಮಗಳು, ಸ್ಕ್ಯಾನ್ ಯಂತ್ರದ ಹಾಗೇ ಮಾಡಿಟ್ಟ ಅಭ್ಯಾಸದ ಮರದ ಸುರಂಗದಲ್ಲಿ ಮಲಗಿ, ಸ್ಪೀಕರಿನಲ್ಲಿ ಹಾಕಿದ ಯಂತ್ರದ ಗಡಗಡ ಕೇಳಿ, "ಯೇ ತೋ ಅಪ್ನಾ ಗ್ರೈಂಡರ್ ಹೈ!" ಎಂದು ನಕ್ಕಿದ್ದಳು. ನಿಜವಾದ ಯಂತ್ರದೊಳಗೆ ಹೋಗಿ ಎರಡು ನಿಮಿಷವಾಗಿರಲಿಲ್ಲ, ಚೆಂಡು ಹಿಚುಕಿಬಿಟ್ಟಳು. ಅವರು ತಕ್ಷಣ ನಿಲ್ಲಿಸಿ ಹೊರಗೆ ಕರೆತಂದರು.

ಕೋಪರಿಯಲ್ಲಿರುವ ನಮ್ಮ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ ನನಗೆ ರೇಗಿತು. "ಕಾವಲಿಗೆ ಹಿಟ್ಟು ಹೊಯ್ದ ಮೇಲೆ ಆರ್ಡರ್ ಕ್ಯಾನ್ಸಲ್ ಉಂಟಾ? ಇನ್ನೊಮ್ಮೆ ಮಲಗಿಸಿ ಮೇಡಂ."

"ನಿಮ್ಮ ಹೋಟ್ಲಲ್ಲಿ ಇಲ್ಲ ಮಾರಾಯ್ರೆ, ಇಲ್ಲಿ ಉಂಟು," ಎಂದು ನಕ್ಕು, ಮಗಳಿಗೆ ಚಪ್ಪಲಿ ತೊಡಿಸಿ ಕಳಿಸಿಕೊಟ್ಟರು.

ಲೋಕಲ್ ರೈಲಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಐರೋಲಿ ದಾಟುವಾಗ ಮಗಳು ತೋಳು ಜಗ್ಗಿದಳು. "ಪಪ್ಪಾ, ಆಂಟಿ ಸಚ್ ಮೇ ರುಕ್ ಗಯೀ!" ಹೇಳಿದ ಹಾಗೇ ನಿಲ್ಲಿಸಿದರಲ್ಲ ಎಂಬುದೇ ಅವಳಿಗೆ ಬೆರಗು. ಆಮೇಲೆ, ನಾಳೆ ಮತ್ತೆ ಹೋಗೋಣವೇ ಎಂದು ತಾನೇ ಕೇಳಿದಳು, "ಕಲ್ ಫಿರ್ ಚಲೇಂ?"

ಮರುವಾರ ಹೋಗಿ, ಅಲುಗಾಡದೆ ಮಲಗಿ ಸ್ಕ್ಯಾನ್ ಮುಗಿಸಿದಳು.

ಆ ಭಾನುವಾರ ಹೋಟೆಲಿನಲ್ಲಿ ಗಿರಾಕಿಯೊಬ್ಬರು, ದೋಸೆ ಆಗಲೇ ಕಾವಲಿಯ ಮೇಲಿರುವಾಗ, ಬೇಡವೆಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಿಂದ ಮಗಳ ದನಿ ಬಂತು, ಅಚ್ಚ ಉಡುಪಿ ಕನ್ನಡದಲ್ಲಿ: "ಬೇಡಾಂದ್ರೆ ಬೇಡ."

ಆ ದೋಸೆಯನ್ನು ನಾನೇ ತಿಂದೆ.