ದುಡಿದ ಕಾಲು

ಮದುವೆ ಗೊತ್ತಾದ ದಿನವೇ ಅವಳ ಕಿವಿಗೆ ದೊಡ್ಡಕ್ಕನ ಕಾಲಿನ ಸುದ್ದಿ ಬಿದ್ದಿತ್ತು. "ಇಸ್ತ್ರಿ ಅಂಗಡಿಯ ಮನೆತನ. ನಿನ್ನ ಗಂಡನಾಗೋನಿಗೆ ಒಬ್ಬಳು ಅಕ್ಕ ಇದ್ದಾಳೆ, ಎಲ್ರೂ ದೊಡ್ಡಕ್ಕ ಅಂತಾರೆ. ಗಂಡ ಸತ್ತ ಮೇಲೆ ಹಸುಗೂಸು ಕಟ್ಕೊಂಡು ತವರಿಗೇ ಬಂದಳು. ನಿಂತು ನಿಂತು ಕಾಲಿನ ನರ ಹಗ್ಗದ ಹಾಗೆ ಎದ್ದಿವೆ. ದುಡಿಮೆ ಅಂದ್ರೆ ಅದು!" ಎಂದಿದ್ದ, ಸಂಬಂಧ ತಂದ ಸೋದರಮಾವ. ಮುಖ ನೋಡುವ ಮೊದಲೇ ಆ ಕಾಲಿನ ಎದುರು ಇವಳನ್ನು ತೂಗಿ ಇಟ್ಟಾಗಿತ್ತು.

ಅಂಗಡಿಯಲ್ಲಿ ಎರಡು ಮೇಜು, ಕಾದ ಇಸ್ತ್ರಿ ಪೆಟ್ಟಿಗೆಗಳು, ಬಟ್ಟೆಯ ರಾಶಿ. ಕೂರಲು ಒಂದು ಸ್ಟೂಲೂ ಇಲ್ಲ. "ಕೂತವನ ಕೆಲಸವೂ ಕೂರುತ್ತೆ" ಎನ್ನುವುದು ಗಂಡನ ಅಪ್ಪನಾದ ಮಾವನ ಮಾತು. ಗಿರಾಕಿ ಬಂದರೆ ಪ್ಯಾಂಟಿನ ಕಾಲು ಮೇಲೆಳೆದು ಮೀನಖಂಡದ ಗಂಟುಗಳನ್ನು ಪದಕದ ಹಾಗೆ ತೋರಿಸುವನು. ಸೊಸೆಯ ಕಾಲು ಮಾತ್ರ ಎಷ್ಟು ವರ್ಷ ನಿಂತರೂ ನುಣ್ಣಗೇ ಉಳಿಯಿತು.

"ತೊಳೆದ ಮೂಲಂಗಿ!" ಎಂದು ಮಾವ ನಗುವನು. "ಮೈಗಳ್ಳರ ಕಾಲು ಹೀಗೇ."

"ಬಿಡಪ್ಪ, ಅದು ಷೋಕೇಸಿನಲ್ಲಿಡೋ ಕಾಲು," ಎಂದು ದೊಡ್ಡಕ್ಕನೂ ಒಗ್ಗರಣೆ ಹಾಕುವಳು.

ಹಾಗೆಂದು ಕೆಟ್ಟವಳಲ್ಲ. ಇವಳು ಬಸುರಿಯಾಗಿದ್ದಾಗ ಭಾರದ ಹೊದಿಕೆಗಳನ್ನೆಲ್ಲ ತನ್ನ ಮೇಜಿಗೆ ಎಳೆದುಕೊಂಡವಳು. ಅಪ್ಪನಿಗೆ ಎದುರಾಡಲು ಮಾತ್ರ ಬಾಯಿಗೆ ಬೀಗ.

ವರ್ಷಗಳು ಉರುಳಿದವು. ದೊಡ್ಡಕ್ಕನ ಹಿಮ್ಮಡಿಗಿಂತ ಸ್ವಲ್ಪ ಮೇಲೆ ಚರ್ಮ ಕಪ್ಪಾಗಿ, ಹುಣ್ಣಾಗಿ, ಮಾಯದೆ ಸೋರತೊಡಗಿದಾಗ ಸೊಸೆಯೇ ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು.

"ಮನೇಲಿ ಇನ್ಯಾರಿಗಿದೆ ಈ ಥರ?" ಡಾಕ್ಟರಮ್ಮ ಕೇಳಿದರು.

"ಅಪ್ಪಂಗಿದೆ. ಅಜ್ಜಿಗೂ ಇತ್ತು," ಎಂದಳು ದೊಡ್ಡಕ್ಕ, ಹೆಮ್ಮೆಯಿಂದಲೇ.

"ಹಾಗಾದ್ರೆ ಇದು ವಂಶದಲ್ಲೇ ಬಂದದ್ದು. ರಕ್ತನಾಳದೊಳಗೆ ಪುಟ್ಟ ಬಾಗಿಲುಗಳಿರುತ್ವೆ, ಮೇಲೆ ಹೋಗೋ ರಕ್ತ ವಾಪಸ್ ಇಳೀದ ಹಾಗೆ. ನಿಮ್ಮ ಮನೆಯವರಿಗೆ ಅವು ಬೇಗ ಸಡಿಲ ಆಗ್ತಿವೆ. ಅದರ ಮೇಲೆ ದಿನವಿಡೀ ನಿಂತಿದೀರಿ. ಮಕ್ಕಳಿಗೆ ಬಂದೇ ಬರುತ್ತೆ ಅಂತಲ್ಲ, ಆದ್ರೆ ಹುಷಾರಾಗಿರ್ಬೇಕು."

"ನಾನೂ ಅಷ್ಟೇ ನಿಂತಿದೀನಲ್ಲ ಡಾಕ್ಟ್ರೇ?" ಎಂದಳು ಸೊಸೆ.

"ನಿಮ್ಮ ಅಪ್ಪ ಅಮ್ಮ ಗಟ್ಟಿ ಬಾಗಿಲು ಕೊಟ್ಟಿರ್ಬೇಕು, ಅಷ್ಟೇ."

ಸೊಸೆಯ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಮೈಗಳ್ಳಿ ಅನ್ನಿಸಿಕೊಂಡದ್ದು ಇದಕ್ಕಾ? ದೊಡ್ಡಕ್ಕನ ಕಿವಿ ಮಾತ್ರ "ಮಕ್ಕಳಿಗೆ" ಎಂಬಲ್ಲೇ ನಿಂತುಬಿಟ್ಟಿತ್ತು. ಅಂದಿನ ಹಸುಗೂಸು ಈಗ ಬೆಳೆದ ಹುಡುಗಿ; ಆ ಮಗಳ ಮಂಡಿಯ ಹಿಂದೆ ಆಗಲೇ ನೀಲಿ ಗೆರೆಯೊಂದು ಮೂಡಿತ್ತು.

ಮನೆಗೆ ಬಂದು ಹೇಳಿದರೆ ಮಾವ ಕೆಂಡವಾದ. "ಅಂದ್ರೆ ನಾನು ದುಡಿದದ್ದೆಲ್ಲ ಸುಳ್ಳಾ?" ಮೊಮ್ಮಗಳನ್ನು ಕರೆದು ಕಾಲು ನೋಡಿದ. ಗೆರೆ ಕಂಡದ್ದೇ ಮುಖ ಅರಳಿತು. "ನೋಡ್ರೋ, ನಮ್ಮ ಮನೆ ಕಾಲು ಬಂತು! ನಾಳೆಯಿಂದ ಅಮ್ಮನ ಮೇಜಿಗೆ ಇವಳೇ." ದೊಡ್ಡಕ್ಕ ಮಗಳ ಲಂಗ ಕೆಳಗೆಳೆದು ಗೆರೆ ಮುಚ್ಚಿದಳು.

ಮರುದಿನ ಸೊಸೆ ಅಡುಗೆಮನೆಯ ಸ್ಟೂಲು ತಂದು ಹುಡುಗಿಯ ಹಿಂದೆ ಕುಕ್ಕಿದಳು. ಮಾವ ಅದನ್ನು ಬೀದಿಗೆಸೆದ. ಅವಳು ಎತ್ತಿ ತಂದಳು.

"ಇನ್ನೊಂದ್ಸಲ ಎಸೀರಿ ಮಾವ, ನಾನೂ ಬೀದೀಲೇ ನಿಂತು ನಿಮ್ಮ ಮಗಳ ಹುಣ್ಣಿನ ಕಥೆ ಗಿರಾಕಿಗಳಿಗೆಲ್ಲ ಹೇಳ್ತೀನಿ!"

"ಸುಮ್ನಿರೇ," ಎಂದ ಗಂಡ.

"ನೀವು ಮೊದ್ಲು ನಿಮ್ಮ ಕಾಲು ನೋಡ್ಕೊಳ್ಳಿ!" ಎಂದು ಅವನಿಗೂ ಬಿತ್ತು.

ಈ ಜಗಳ ಹರಿಯುವ ಮೊದಲೇ ಹುಣ್ಣಿಗೆ ನಂಜೇರಿ ದೊಡ್ಡಕ್ಕ ಆಸ್ಪತ್ರೆ ಸೇರಿದಳು. ಅಲ್ಲಿಗೂ ಬಂದ ಮಾವ ಪಕ್ಕದ ಹಾಸಿಗೆಯವರಿಗೆ, "ದುಡಿದು ಸವೆದ ಕಾಲು ಸ್ವಾಮಿ," ಎನ್ನುತ್ತಿದ್ದ. ದೊಡ್ಡಕ್ಕ ಸೊಸೆಯ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಹುಟ್ಟಿದಾಗಿಂದ ನಂಗೆ ಅಪ್ಪನ್ನ ಬೈಯೋಕೆ ಬರ್ಲಿಲ್ಲ ಕಣೇ. ನಿಂಗೆ ಚೆನ್ನಾಗಿ ಬರುತ್ತೆ. ಮಗೂನ ಆ ಮೇಜಿಂದ ಬಿಡಿಸು. ನನ್ನ ಪಾಲಿನ ಬೈಗುಳಾನೂ ಸೇರಿಸಿ ಬೈ."

"ಬೈತೀನಿ ದೊಡ್ಡಕ್ಕ. ಮನೆಗೆ ಹೋದ್ಮೇಲೆ ಬೈತೀನಿ."

"ಮನೇಲಲ್ಲ. ಇಲ್ಲೇ ಬೈ, ನಂಗೆ ಕೇಳೋ ಹಾಗೆ."