ಅಕ್ಕ ಚಿತ್ರಕ್ಕೆ ಹೇಳಿದ ಕಥೆ

ಸಂಶೋಧನೆ ಮಾಡುವುದನ್ನು ನಾನು ಕಲಿತದ್ದು ದಿಂಡಿಗಲ್ಲಿನ ಒಂದು ಶಾಲೆಯ ಮಹಡಿಯಲ್ಲಿ. ಅರವತ್ತರ ದಶಕದ ನಡುಭಾಗ, ಬೇಸಿಗೆ ರಜೆ. ಮದರಾಸಿನಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿದ್ದ ನಾವು ನಾಲ್ವರು ವಿದ್ಯಾರ್ಥಿಗಳು, ಜೊತೆಗೆ ನಮ್ಮ ಪ್ರೊಫೆಸರು. ಕೆಳಗಿನ ಬೀದಿಯಲ್ಲಿ ಬೀಗ ಮಾಡುವವರು ಬೆಳಗಿನಿಂದ ಅರ ಉಜ್ಜುತ್ತಿದ್ದರು. ಆ ಸದ್ದಿನಲ್ಲೇ ನಾವು ಒಬ್ಬರನ್ನೊಬ್ಬರು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುವ ಅಭ್ಯಾಸ ಮಾಡುತ್ತಿದ್ದೆವು.

ದಿಂಡಿಗಲ್ಲಿಗೆ ಪಶ್ಚಿಮದ ಕಂಬಂ ಕಣಿವೆಯಲ್ಲಿ ತಮಿಳು ಮನೆಗಳೂ ಕನ್ನಡ ಮನೆಗಳೂ ಒಂದೇ ನೀರು ಕುಡಿದು, ಒಂದೇ ಭತ್ತ ಬೆಳೆಯುತ್ತವೆ. ಮನೆಯೊಳಗಿನ ಮಾತು ಮಾತ್ರ ಬೇರೆ. ಹಾಗಾದರೆ ಮನಸ್ಸೂ ಬೇರೆಯಾಗಿ ಬೆಳೆಯುತ್ತದೆಯೇ? ಪ್ರೊಫೆಸರು ಕೇಳಿಕೊಂಡಿದ್ದ ಪ್ರಶ್ನೆ ಇದು. ಅದಕ್ಕಾಗಿ ಡ್ರಾಯಿಂಗ್ ಮೇಷ್ಟರೊಬ್ಬರಿಂದ ಕೆಲವು ಚಿತ್ರಗಳನ್ನು ಬರೆಸಿದ್ದರು. ಹಳ್ಳಿಯವರಿಗೆ ಚಿತ್ರ ತೋರಿಸಿ, ಕಥೆ ಹೇಳಿಸಿ, ಆ ಕಥೆಯಲ್ಲಿ ಏನನ್ನಾದರೂ ಸಾಧಿಸುವ ಹಂಬಲ ಎಷ್ಟಿದೆ ಎಂದು ಅಂಕ ಹಾಕಬೇಕು. ನಾನು ಆ ಕಣಿವೆಯ ಕನ್ನಡ ಮನೆಯ ಹುಡುಗ. ನನ್ನನ್ನು ಆರಿಸಿದ್ದೂ ಅದಕ್ಕೇ.

ನಿಯಮಗಳು ಕಟ್ಟುನಿಟ್ಟಾಗಿದ್ದವು. ಉತ್ತರ ಕೇಳಿ ತಲೆಯಾಡಿಸಬಾರದು. ಅಯ್ಯೋ ಅನ್ನಬಾರದು. ನಮ್ಮ ಬಂಧುಗಳಿರುವ ಊರಿಗೆ ನಾವು ಹೋಗಬಾರದು. ಹಾಳೆಗೆ ಬಂದದ್ದು ಹಾಳೆಯಲ್ಲೇ ಉಳಿಯಬೇಕು. ಒಂದು ದಿನ ಅಭ್ಯಾಸದಲ್ಲಿ ಜೊತೆಗಾರನೊಬ್ಬ ತನ್ನ ತಂದೆ ಸತ್ತ ದಿನದ ಬಗ್ಗೆ ಹೇಳಿ ಅತ್ತ. ನಾನು ಮುಖ ಕದಲಿಸದೆ ಬರೆದುಕೊಂಡೆ. ಪ್ರೊಫೆಸರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಆ ದಿನ ನನಗಾದ ಹೆಮ್ಮೆಯನ್ನು ನೆನೆದರೆ ಈಗ ಮೈ ಮುದುಡುತ್ತದೆ.

ನನ್ನ ಅಕ್ಕನನ್ನು ಅದೇ ಕಣಿವೆಯ ಗೂಡಲೂರಿನ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಪ್ರೊಫೆಸರು ಆರಿಸಿದ ಊರುಗಳಲ್ಲಿ ಅದೂ ಒಂದು. ನಿಯಮದಂತೆ ನಾನು, ನಾವು ಬೀಡುಬಿಟ್ಟಿದ್ದ ತೇನಿಯಲ್ಲೇ ಉಳಿದೆ. ಅಲ್ಲಿಗೆ ಹೋದವಳು ಮೈಸೂರು ಕಡೆಯ ಜೊತೆಗಾರ್ತಿ. ನಮ್ಮವರ ಕನ್ನಡ ಅವಳಿಗೆ ಅರ್ಧ ತಿಳಿಯುತ್ತಿರಲಿಲ್ಲ. ಕಿವಿಗೆ ಬಿದ್ದಂತೆಯೇ ಬರೆದುಕೊಂಡು ಬರುತ್ತಿದ್ದಳು. ಅದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಅಂಕ ಹಾಕುವುದು ನನ್ನ ಕೆಲಸ. ಹಾಳೆಯ ಮೇಲೆ ಹೆಸರಿರುವುದಿಲ್ಲ, ಒಂದು ಸಂಖ್ಯೆ ಮಾತ್ರ.

ದಿಂಡಿಗಲ್ಲಿಗೆ ಮರಳಿದ ಮೇಲೆ, ಒಂದು ಮಧ್ಯಾಹ್ನ, ಆ ಹಾಳೆ ಕೈಗೆ ಬಂತು. ಚಿತ್ರದಲ್ಲಿ ಒಬ್ಬ ಹೆಂಗಸು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಾಳೆ. ದೂರದ ದಾರಿಯಲ್ಲಿ ಒಬ್ಬ ಗಂಡಸು ಹೋಗುತ್ತಿದ್ದಾನೆ. ಕಥೆ ಹೀಗಿತ್ತು:

"ಈ ಎಣ್ಣಿಗೆ ಮಕ್ಳಿಲ್ಲ. ಮೂರು ವರ್ಸ ಆತು, ಒಲೆತಾವ ಬುಡಲ್ಲ ಇವಳ್ನ. ಕೊಟ್ಗೇಲಿ ದನದ ಜತೆ ಮಲಗ್ತಾಳೆ. ಆಳುಗಳು ಉಂಡ್ಮ್ಯಾಲೆ ಮಿಕ್ಕ ಸೋರು ಸಾರು ಆಕ್ತಾರೆ. ಗಂಡಂಗೆ ಇನ್ನೊಂದು ಎಣ್ಣು ನೋಡ್ತಾ ಅವ್ರೆ. ದಾರೀಲಿ ಓಗೋನು ಇವಳ ತಂಬಿ. ಚಿಕ್ಕೋನಿದ್ದಾಗ ವಾಯ್ಕಾಲಲ್ಲಿ ನೀರು ಜಾಸ್ತಿ ಬಂದ್ರೆ ಸೊಂಟದ ಮ್ಯಾಲೆ ಎತ್ಕಂಡು ಪಳ್ಳಿಕೂಡಕ್ಕೆ ದಾಟಿಸ್ತಿದ್ಲು. ಈಗ ದೊಡ್ ಓದು ಓದ್ತಾನೆ. ತಿರುಗಿ ನೋಡಲ್ಲ."

ಮುಂದೇನಾಗುತ್ತದೆ ಎಂದು ಕೇಳಿದ್ದಕ್ಕೆ, "ಏನೂ ಆಗಲ್ಲ."

ಅಕ್ಕನ ಸೊಂಟದ ಮೇಲೆ ಕೂತು ಕಾಲುವೆ ದಾಟಿ ಶಾಲೆಗೆ ಹೋಗುತ್ತಿದ್ದ ತಮ್ಮ ನಾನು. ಮೂರು ವರ್ಷದಿಂದ ಅವಳು ಹಬ್ಬಕ್ಕೆ ತವರಿಗೆ ಬಂದಿರಲಿಲ್ಲ. ಕುಯ್ಲು, ನಾಟಿ ಎಂದು ಅವರ ಮನೆಯವರು ಹೇಳಿ ಕಳುಹಿಸುತ್ತಿದ್ದುದನ್ನು ನಾನೂ ನಂಬಿದ್ದೆ.

ಜೊತೆಗಾರ್ತಿಯನ್ನು ಕೇಳಿದೆ, "ಇವರು ಹೇಗಿದ್ದರು?"

"ನಗ್ತಾನೇ ಇದ್ರು. ಮಜ್ಜಿಗೆ ಕೊಟ್ರು. ಅವರು ಹೇಳಿದ್ದು ನನಗೆ ಸರಿಯಾಗಿ ಅರ್ಥವಾಗ್ಲಿಲ್ಲ. ಯಾಕೆ, ಏನಿದೆ ಅದರಲ್ಲಿ?"

"ಏನಿಲ್ಲ," ಅಂದೆ.

ಪ್ರೊಫೆಸರ ಬಳಿ ಹೋದೆ. "ಸರ್, ಒಂದು ಹಾಳೆ ನನ್ನ ಬಂಧುವಿನದು ಅನ್ನಿಸುತ್ತಿದೆ."

"ಹಾಗಿದ್ದರೆ ಬೇರೆಯವರಿಗೆ ಕೊಡಿ."

"ಬೇರೆ ಯಾರಿಗೂ ಆ ಮಾತು ಬರುವುದಿಲ್ಲ ಸರ್. ಆಕೆ ಕಷ್ಟದಲ್ಲಿದ್ದಾಳೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟವರಲ್ಲ. "ಆಕೆ ಹೇಳಿದ್ದು ಒಂದು ಚಿತ್ರದ ಕಥೆ. ಅದೇ ಆಕೆಯ ಬದುಕು ಎಂದು ನಿಮಗೆ ಹೇಗೆ ಗೊತ್ತು? ಬದುಕೇ ಆಗಿದ್ದರೂ, ಹೊರಗೆ ಹೋಗುವುದಿಲ್ಲ ಎಂದು ನಾವು ಮಾತು ಕೊಟ್ಟು ಬಂದಿದ್ದೇವೆ."

ನಾನು ಮರಳಿ ಬಂದು ಕೂತು ಅಂಕ ಹಾಕಿದೆ. ಕಥೆಯಲ್ಲಿ ಯಾರೂ ಏನನ್ನೂ ಬಯಸುವುದಿಲ್ಲ, ಏನನ್ನೂ ಮಾಡುವುದಿಲ್ಲ. ಹಂಬಲ: ಸೊನ್ನೆ. ಅಂಕದ ಪಟ್ಟಿಯ ಪ್ರಕಾರ ಅದು ಸರಿಯಾದ ಅಂಕವೇ.

ಹತ್ತು ದಿನ ತಡೆದೆ. ಹನ್ನೊಂದನೆಯ ದಿನ ಬಸ್ಸು ಹತ್ತಿ ಊರಿಗೆ ಹೋಗಿ ಅವ್ವನಿಗೆ ಹೇಳಿಬಿಟ್ಟೆ. ಅವ್ವ ಆ ರಾತ್ರಿಯೇ ಸೋದರಮಾವನಿಗೆ ಹೇಳಿ ಕಳಿಸಿದಳು. ಮರುದಿನವೇ ಅವನು ಇಬ್ಬರು ಹಿರಿಯರನ್ನು ಕರೆದುಕೊಂಡು ಅಕ್ಕನ ಮನೆಗೆ ನ್ಯಾಯ ಕೇಳಲು ಹೊರಟ. ನಾನೂ ಜೊತೆಗೆ ಹೋದೆ.

ಭಾವ ಜಗಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ: "ಯಾರು ಯೋಳಿದ್ದು?"

ಮಾವ ಗಟ್ಟಿಯಾಗಿ ಅಂದ: "ಯೋಳೋದೇನು? ನಿನ್ ಎಂಡ್ತೀನೇ ಯೋಳವ್ಳೆ. ಆಳೇಲಿ ಬರ್ದಯ್ತೆ."

ಬಾಗಿಲಲ್ಲಿ ನಿಂತಿದ್ದ ಅಕ್ಕ ನನ್ನ ಮುಖ ನೋಡಿದಳು. ಭಾವ ಒಳಕ್ಕೆ ತಿರುಗಿ ಕೇಳಿದ, "ಊರ್ ಮುಂದೆ ಮಾನ ಕಳ್ದಿಯಾ? ನೀನಾ ಯೋಳಿದ್ದು?"

"ಇಲ್ಲ," ಅಂದಳು ಅಕ್ಕ. "ನಾ ಏನೂ ಯೋಳಿಲ್ಲ. ನಂಗಿಲ್ಲಿ ಒಂದು ಕೊರೆ ಇಲ್ಲ."

ಅಲ್ಲಿಗೆ ಹಿರಿಯರು ಎದ್ದುಬಿಟ್ಟರು. ಹೆಂಗಸೇ ಕೊರತೆ ಇಲ್ಲ ಅಂದ ಮೇಲೆ ನ್ಯಾಯ ಯಾತರದು? ಹೊರಡುವ ಮುನ್ನ ಕೊಟ್ಟಿಗೆಯ ಹಿಂದೆ ಅವಳನ್ನು ಹಿಡಿದು ನಿಲ್ಲಿಸಿದೆ. ಕೈ ಕೊಸರಿಕೊಂಡಳು.

"ಆ ಎಣ್ಣು ಕಾಣದ ಊರೋಳು. ಬತ್ತಾಳೆ, ಓಯ್ತಾಳೆ ಅಂತ ಬಾಯಿ ಬುಟ್ಟೆ. ನಿನ್ ಕೈಗೆ ಬತ್ತದೆ ಅಂತ ತಿಳಿದಿದ್ರೆ ನಾಲಿಗೆ ಕಚ್ಕೊತಿದ್ದೆ. ಇನ್ನಾ ಮೂರು ವರ್ಸ ಅಂಗೇ ಇರ್ತಿದ್ದೆ ತಂಬಿ. ಈಗ ಅದೂ ಇಲ್ಲದಂಗೆ ಮಾಡ್ದೆ."

ಅವಳ ಮಾತು ನಿಜವಾಯಿತು. ಆ ತಿಂಗಳೇ ಭಾವ ಎರಡನೆಯ ಮದುವೆ ಮಾಡಿಕೊಂಡ. ಅಕ್ಕನನ್ನು ತವರಿಗೂ ಕಳಿಸಲಿಲ್ಲ. ಕೊಟ್ಟಿಗೆಯ ಕೆಲಸಕ್ಕೆ ಜನ ಬೇಕಿತ್ತು. ಕಾಲೇಜಿನವರು ಹೆಂಗಸರ ಬಾಯಿ ಬಿಡಿಸಿ ಬರೆದುಕೊಂಡು ಹೋಗಿ ಹೊರಗೆ ಹೇಳುತ್ತಾರೆ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತು. ಚಿತ್ರಕ್ಕೆ ಕಥೆ ಹೇಳಿದ್ದ ಉಳಿದ ಹೆಂಗಸರನ್ನೂ ಅವರವರ ಗಂಡಂದಿರು ನಿಲ್ಲಿಸಿ ಕೇಳಿದರಂತೆ, ನೀನು ಏನು ಬರೆಸಿದೆ ಎಂದು. ಒಬ್ಬಳಿಗೆ ಹೊಡೆತವೂ ಬಿತ್ತಂತೆ. ಏನೂ ಅರಿಯದ ಮೈಸೂರಿನ ಜೊತೆಗಾರ್ತಿ ಉಳಿದ ಮನೆಗಳಿಗೆಂದು ಮತ್ತೆ ಹೋದಾಗ ಅವಳನ್ನು ಬಸ್ ನಿಲ್ದಾಣದಿಂದಲೇ ಓಡಿಸಿದರು. ಅವಳು ದಿಂಡಿಗಲ್ಲಿಗೆ ಬಂದು ನನ್ನೆದುರು ನಿಂತು, "ನನಗಾದರೂ ಒಂದು ಮಾತು ಹೇಳಬಹುದಿತ್ತಲ್ಲ," ಅಂದಳು.

ಪ್ರೊಫೆಸರು ನನ್ನನ್ನು ಬೈಯಲಿಲ್ಲ. ಆ ಊರಿನ ಹಾಳೆಗಳನ್ನೆಲ್ಲ ಒಂದು ಹಗ್ಗದಲ್ಲಿ ಕಟ್ಟಿಸಿದರು. "ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ," ಅಂದರು. ಅಕ್ಕನ ಕಥೆ ಅಕ್ಕನಿಗೂ ಆಗಲಿಲ್ಲ, ಶಾಸ್ತ್ರಕ್ಕೂ ಆಗಲಿಲ್ಲ. ನಾನು ಬೇರೆ ವಿಷಯ ಹಿಡಿದು, ಪ್ರಯೋಗಾಲಯದಲ್ಲೇ ಕೂತು ಡಾಕ್ಟರೇಟ್ ಪಡೆದೆ. ಇನ್ನೆಂದೂ ಹಳ್ಳಿಯಲ್ಲಿ ಯಾರನ್ನೂ ಪ್ರಶ್ನೆ ಕೇಳಲು ಹೋಗಲಿಲ್ಲ.

ಎರಡು ವರ್ಷದ ಮೇಲೆ ಒಮ್ಮೆ ಅವ್ವನ ಒತ್ತಾಯಕ್ಕೆ ಅಕ್ಕನ ಮನೆಗೆ ಹೋದೆ. ಹೊಸ ಹೆಂಡತಿಯ ಮಗು ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ಅಕ್ಕ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಹೊರಗೆ ಬಂದಳು.

"ಬನ್ನಿ, ಕುಂತ್ಕಳಿ," ಅಂದಳು. ನನಗೆ ಬಹುವಚನ! ಕಂಡರಿಯದವರೊಡನೆ ಆಡುವ ಹಾಗೆ.

"ಅಕ್ಕಾ, ಊರಿಗೆ ಬಾ. ಅವ್ವ ಕರ್ಕಂಡು ಬಾ ಅಂತ ಕಳಿಸವ್ಳೆ."

"ಅವ್ವಂಗೆ ನಾ ಚೆನ್ನಾಗಿವ್ನಿ ಅಂತ ಯೋಳಿ."

ಎತ್ತಿಗೆ ಹುಲ್ಲು ಹಾಕಲು ಒಳಗೆ ಹೋದವಳು ಮತ್ತೆ ಹೊರಗೆ ಬರಲೇ ಇಲ್ಲ. ಸ್ವಲ್ಪ ಹೊತ್ತು ಕಾದು, ಆ ಮನೆಯವರು ಊಟಕ್ಕೆ ಏಳಿ ಅನ್ನುವ ಮೊದಲೇ ನಾನು ಎದ್ದು ತೇನಿಯ ಬಸ್ಸಿಗೆ ಬಂದೆ. ಅವ್ವನಿಗೆ, ಅಕ್ಕ ಚೆನ್ನಾಗಿದ್ದಾಳೆ ಎಂದು ಹೇಳಿದೆ. ಅವ್ವ ನನ್ನ ಮುಖವನ್ನೊಮ್ಮೆ ನೋಡಿ ಒಳಗೆ ಹೋದಳು.