ಹಾಲು ಉಕ್ಕುವ ಮೊದಲ ಸೀನ್

"ಲೇ ಅವ್ವಾ, ಆಲು ಉಕ್ತಾ ಅದೆ, ಬಾರೇ!"

ಕೂಗಿದ್ದು ನಮ್ಮ ಜಯಮ್ಮ ಚಿಕ್ಕಮ್ಮ. ಯಾರಿಗೆ? ಸಿನಿಮಾ ಪರದೆ ಮೇಲಿದ್ದ ಹೆಂಗಸಿಗೆ. ಮದ್ದೂರಿನ ಆ ಥಿಯೇಟರ್ ಗೊಳ್ಳೆಂದು ನಕ್ಕಿತು. (ನಾನು ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿಕೊಂಡೆ.)

ಕಳೆದ ಭಾನುವಾರದ ಮ್ಯಾಟಿನಿ. ಹೊಸ ಥ್ರಿಲ್ಲರ್. ಚಿಕ್ಕರಸಿನಕೆರೆಯಿಂದ ಚಿಕ್ಕಮ್ಮನನ್ನು ನಾನೇ ಹೊರಡಿಸಿಕೊಂಡು ಬಂದಿದ್ದೆ. ಚಿಕ್ಕಪ್ಪ ಊಟ ಮಾಡಿ ಮಲಗಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ.

ಸಿನಿಮಾ ಶುರುವಾದ ರೀತಿ ಕೇಳಿ. ಕೊಲೆ ಇಲ್ಲ, ರಕ್ತ ಇಲ್ಲ, ಢಂ ಢಂ ಮ್ಯೂಸಿಕ್ಕೂ ಇಲ್ಲ. ಒಬ್ಬ ಹೆಂಗಸು ಒಲೆ ಮೇಲೆ ಹಾಲಿಡುತ್ತಾಳೆ. ಕಾಲಿಂಗ್ ಬೆಲ್ಲು. ಬಾಗಿಲು ತೆಗೆಯಲು ಹೋಗುತ್ತಾಳೆ. ಕ್ಯಾಮೆರಾ ಮಾತ್ರ ಅವಳ ಹಿಂದೆ ಹೋಗುವುದೇ ಇಲ್ಲ! ಹಾಲಿನ ಪಾತ್ರೆಯನ್ನೇ ನೋಡುತ್ತಾ ನಿಂತುಬಿಡುತ್ತದೆ. ಆಚೆಯಿಂದ ಯಾವನೋ ಗಂಡಸಿನ ದನಿ. ಅವಳ ನಗು. ಆಮೇಲೆ ಸದ್ದೇ ಇಲ್ಲ. ಹಾಲು ನಿಧಾನಕ್ಕೆ ಮೇಲೇಳುತ್ತಿದೆ. ಅವಳ್ಯಾಕೆ ಬರುತ್ತಿಲ್ಲ?

ಹಾಲಿಟ್ಟವಳು ವಾಪಸ್ ಬರಲಿಲ್ಲ ಅಂದರೆ ಏನೋ ಎಡವಟ್ಟಾಗಿದೆ ಅಂತ ಯಾರಿಗೆ ಹೊಳೆಯಲ್ಲ? ನಿರ್ದೇಶಕ ಭಯ ತೋರಿಸಲೇ ಇಲ್ಲ. ಅದನ್ನು ನಾವೇ ಕೂತಲ್ಲಿ ತಯಾರು ಮಾಡಿಕೊಂಡೆವು!

ಹಾಲು ಉಕ್ಕಿತು. ಉರಿ ಆರಿತು. ಗ್ಯಾಸ್ ಸುಂಯ್ ಅನ್ನುತ್ತಲೇ ಇತ್ತು. ಅಷ್ಟರಲ್ಲಿ ಚಿಕ್ಕಮ್ಮ ನನ್ನ ತೋಳು ಹಿಡಿದಳು.

"ನಾನೂ ಆಲು ಇಟ್ಟಿದ್ದೆ ಕಣೇ. ಆರ್ಸಿದ್ನಾ? ನಿಮ್ ಚಿಕ್ಕಪ್ಪ ಒಳಗೇ ಮಲಗವ್ರೆ!"

ಎದ್ದು ಓಡಿದೆವು. ಚಿಕ್ಕಪ್ಪನ ಫೋನು ರಿಂಗಾಗುತ್ತಿದೆ, ಎತ್ತುವವರಿಲ್ಲ. ಹೊರಗೆ ಸಿಕ್ಕಿದ ಆಟೋ ಹತ್ತಿದೆವು. ಡ್ರೈವರ್ ಮಾದೇಶನಿಗೆ ಚಿಕ್ಕಮ್ಮ ದಾರಿಯುದ್ದಕ್ಕೂ ತನ್ನ ಹಾಲಿನ ಕತೆ, ಸಿನಿಮಾ ಹಾಲಿನ ಕತೆ ಎರಡನ್ನೂ ಕಲಸಿ ಹೇಳಿದಳು. "ವಸಿ ಬಿರ್ರನೆ ಓಡ್ಸಪ್ಪ!" ಅವನೂ ಓಡಿಸಿದ. ಆದರೆ ಮುಂದೆ ಕಬ್ಬಿನ ಟ್ರ್ಯಾಕ್ಟರ್. ರಸ್ತೆ ತುಂಬಾ ಅದೇ. ಹಾರ್ನ್ ಹೊಡೆದರೂ ಸೈಡ್ ಕೊಡಲೊಲ್ಲದು. ಚಿಕ್ಕಮ್ಮ ಕತೆ ಬಿಟ್ಟು ಮನೆದೇವರಿಗೆ ಹರಕೆ ಹೊತ್ತಳು. ನನಗೆ ನಿಜಕ್ಕೂ ಹೆದರಿಕೆಯಾಗಿದ್ದು ಆಗ.

ಮನೆ ಮುಂದೆ ಇಳಿದರೆ, ಜಗಲಿ ಮೇಲೆ ಚಿಕ್ಕಪ್ಪ ಆರಾಮಾಗಿ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದಾರೆ!

"ಯಾಕಮ್ಮಿ, ಪಿಚ್ಚರ್ ಚೆಂದಾಗಿಲ್ವಾ?"

ಚಿಕ್ಕಮ್ಮ ನೇರ ಅಡುಗೆಮನೆಗೆ ನುಗ್ಗಿದಳು. ಒಲೆ ಆರಿತ್ತು. ಕಾದ ಹಾಲಿನ ಮೇಲೆ ತಟ್ಟೆ ಮುಚ್ಚಿತ್ತು. ಎರಡೂ ಅವಳದೇ ಕೆಲಸ, ನೆನಪಿಲ್ಲ ಅಷ್ಟೇ. ಅಲ್ಲೇ ನೆಲದ ಮೇಲೆ ಕೂತು, ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಎದ್ದು ಬಂದು, ಫೋನ್ ಎತ್ತಲಿಲ್ಲವೆಂದು ಚಿಕ್ಕಪ್ಪನಿಗೆ ಚೆನ್ನಾಗಿ ಬೈದಳು. (ಪ್ರೀತಿ ಅಂದರೆ ಇನ್ನೇನು?)

ಎಲ್ಲರಿಗೂ ಕಾಫಿಯಾಯಿತು. ಮಾದೇಶ ಲೋಟ ಹಿಡಿದುಕೊಂಡೇ ಕೇಳಿದ: "ಅಕ್ಕ, ಆ ಬಾಗ್ಲತ್ರ ಬಂದಿದ್ದೋನು ಯಾರು?"

"ಯಾವನಿಗ್ ಗೊತ್ತು ಬುಡಪ್ಪ. ಅಷ್ಟೊತ್ತಿಗೆ ನಾವು ಎದ್ದು ಬಂದೋ."

ಅವನು ಲೋಟ ಕೆಳಗಿಟ್ಟ. "ಹಂಗಾದ್ರೆ ಆಟೋ ಅತ್ತಿ ಅಕ್ಕ, ಫಸ್ಟ್ ಶೋಗೆ ಓಗವಾ. ನಾನೂ ಬತ್ತೀನಿ, ತಡ್ಕಳಕ್ಕಾಗಲ್ಲ!"

ಬರೀ ಶುರುವಿನ ಸೀನ್ ಕೇಳಿಸಿಕೊಂಡು ಭಾನುವಾರದ ಬಾಡಿಗೆ ಬಿಟ್ಟು ಹೊರಟ ಪ್ರೇಕ್ಷಕ! ಆ ನಿರ್ದೇಶಕನಿಗೆ ಇದಕ್ಕಿಂತ ದೊಡ್ಡ ಅವಾರ್ಡು ಇನ್ಯಾವುದಿದೆ ಹೇಳಿ?